ಮೆಡಿಟರೇನಿಯನ್ ದಂಡೆಗೆ ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಯುರೋಪಿನ ದಕ್ಷಿಣದ ಕಡಲ ದಂಡೆಯಲ್ಲಿ ರಜೆ ಕಳೆಯುವ ಬಗ್ಗೆ ಕಾಸರಗೋಡಿನಿಂದ ಮಾತ್ರವಲ್ಲ, ಹೊಸೂರು, ಅಕ್ಕಲಕೋಟೆ, ಆದವಾನಿ ಕಡೆಯಿಂದಲೂ ಕಾಗದಗಳು ಬಂದಿವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಕೂಡಿಸಿ ಉತ್ತರ ಬರೆದಿದ್ದೇವೆ. ಶುಲ್ಕ, ನಿಯಮಗಳು ಬದಲಾಗುತ್ತಿರುತ್ತವೆ. ಹಣ ಕಟ್ಟುವ ಮುನ್ನ ಆಯಾ ದೇಶದ ದೂತಾವಾಸದ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ.

ಗಂಡ ಹೆಂಡತಿ, ಎಂಟು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳು. ನಮಗೆ ಹತ್ತು ದಿನ ರಜೆ ಇದೆ. ಬಾರ್ಸಿಲೋನಾ, ನೀಸ್, ರೋಮ್, ಅಥೆನ್ಸ್, ಸ್ಯಾಂಟೊರಿನಿ ಎಲ್ಲವನ್ನೂ ಸೇರಿಸಿ ಏಜೆಂಟರು ಪ್ಯಾಕೇಜು ಕೊಟ್ಟಿದ್ದಾರೆ. ಒಪ್ಪಬಹುದೇ?
— ನೀರ್ಚಾಲಿನ ಓದುಗರು

ಒಪ್ಪಬೇಡಿ. ಲೆಕ್ಕ ಹಾಕಿ ನೋಡಿ. ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ. ಐದು ಊರು ಎಂದರೆ ನಡುವೆ ನಾಲ್ಕು ಸಲ ಗಂಟುಮೂಟೆ ಕಟ್ಟಬೇಕು. ಹನ್ನೊಂದಕ್ಕೆ ಹೋಟೆಲು ಬಿಡಬೇಕು, ಮುಂದಿನ ಊರಿನಲ್ಲಿ ಮೂರಕ್ಕೆ ಮೊದಲು ಕೋಣೆ ಕೊಡುವುದಿಲ್ಲ, ನಡುವೆ ವಿಮಾನ ನಿಲ್ದಾಣದ ಕಾಯುವಿಕೆ. ಒಂದೊಂದು ಬದಲಾವಣೆಗೂ ಒಂದು ಹಗಲು ಹೋಯಿತು. ಉಳಿಯುವುದು ನಾಲ್ಕು ದಿನ, ಅದರಲ್ಲಿ ಐದು ಊರು. ಅಗ್ಗವೆಂದು ತೋರುವ, ಯುರೋಪಿನೊಳಗೆ ಓಡಾಡುವ ವಿಮಾನಗಳಲ್ಲಿ ಕೈಚೀಲದ ಅಳತೆ ಒಂದಿಷ್ಟು ಮೀರಿದರೂ ಗೇಟಿನಲ್ಲಿ ಹೆಚ್ಚುವರಿ ಹಣ ಕೇಳುತ್ತಾರೆ. ನಾಲ್ಕು ಜನರ ನಾಲ್ಕು ಚೀಲಕ್ಕೆ ಕಟ್ಟಿದಾಗ ಟಿಕೆಟ್ಟಿಗಿಂತ ಅದೇ ಹೆಚ್ಚಾಗುವುದುಂಟು.

ಆ ದಂಡೆಯ ಸುಖ ಇರುವುದು ಒಂದೇ ಕಡೆ ಬಿಡಾರ ಹೂಡುವುದರಲ್ಲಿ. ಬೆಳಿಗ್ಗೆ ನೀರಿಗಿಳಿಯುವುದು, ಮಧ್ಯಾಹ್ನ ಕೋಣೆಯಲ್ಲಿ ನಿದ್ದೆ, ಸಂಜೆ ಪಕ್ಕದ ಊರಿಗೆ ಹೋಗಿ ಬರುವುದು. ಅಲ್ಲಿಯವರೂ ರಜೆ ಕಳೆಯುವುದು ಹೀಗೆಯೇ. ಇದಕ್ಕೆ ತಕ್ಕ ಎರಡು ಜಾಗಗಳನ್ನು ಹೇಳುತ್ತೇವೆ.

ಒಂದು, ಫ್ರಾನ್ಸಿನ ನೀಸ್. ಇಲ್ಲಿಂದ ಪೂರ್ವಕ್ಕೆ ಕಡಲ ಅಂಚಿನಲ್ಲೇ ರೈಲು ಹಳಿ ಇದೆ: ವಿಲ್‌ಫ್ರಾಂಷ್, ಮೊನಾಕೊ, ಮಾಂತೊಂ, ಆಮೇಲೆ ಇಟಲಿಯ ವೆಂಟಿಮಿಲಿಯಾ. ಪಶ್ಚಿಮಕ್ಕೆ ಆಂಟೀಬ್, ಕಾನ್. ಲೋಕಲ್ ರೈಲು ಹಗಲೆಲ್ಲ ಓಡುತ್ತದೆ, ಮೊನಾಕೊಗೆ ಅರ್ಧ ಗಂಟೆಯೂ ಬೇಡ. ಒಂದು ಎಚ್ಚರಿಕೆ: ನೀಸಿನ ದಂಡೆಯಲ್ಲಿ ಹೊಯಿಗೆ ಇಲ್ಲ, ಪೂರ್ತಿ ಉರುಟು ಕಲ್ಲು, ನೀರು ಕೆಲವೇ ಹೆಜ್ಜೆಗೆ ಆಳವಾಗುತ್ತದೆ. ಎಂಟು ವರ್ಷದ ಮಗುವಿಗೆ ಆಡಲು ವಿಲ್‌ಫ್ರಾಂಷ್ ನಿಲ್ದಾಣದ ಬುಡದಲ್ಲೇ ಇರುವ ಕೊಲ್ಲಿ, ಇಲ್ಲವೇ ಆಂಟೀಬ್ ಪಕ್ಕದ ಜುವಾಂ-ಲೆ-ಪ್ಯಾಂ ಒಳ್ಳೆಯದು. ಅಲ್ಲಿ ಹೊಯಿಗೆಯೂ ಇದೆ, ದಂಡೆಯೂ ಇಳಿಜಾರಿಲ್ಲ.

ಎರಡನೆಯದು, ಸ್ಪೇನಿನ ಮಾಲಗಾ. ವಿಮಾನ ನಿಲ್ದಾಣದ ಒಳಗಿಂದಲೇ ಲೋಕಲ್ ರೈಲು ಹಿಡಿಯಬಹುದು. ಟೊರೆಮೊಲಿನೋಸ್, ಬೆನಾಲ್ಮಾದೆನಾ ದಾಟಿ ಫುಯೆಂಗಿರೋಲಾದವರೆಗೆ ಸುಮಾರು ಇಪ್ಪತ್ತು ನಿಮಿಷಕ್ಕೊಂದು ಗಾಡಿ ಇದೆ. ಉದ್ದಕ್ಕೂ ಹೊಯಿಗೆಯ ದಂಡೆ, ಅಡುಗೆಮನೆ ಇರುವ ಬಾಡಿಗೆ ಮನೆಗಳು ಬೇಕಾದಷ್ಟು. ಖರ್ಚು ನೀಸಿಗಿಂತ ಕಡಿಮೆ. ಮಕ್ಕಳಿರುವ ಮನೆಯವರಿಗೆ ನಮ್ಮ ಮೊದಲ ಆಯ್ಕೆ ಇದೇ.

ಮನೆ ಗೊತ್ತುಮಾಡುವಾಗ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆಯೊಳಗೆ ಇದೆಯೇ, ಲಿಫ್ಟ್ ಇದೆಯೇ, ಏಸಿ ಇದೆಯೇ ಎಂದು ಬರಹದಲ್ಲಿ ಕೇಳಿ. 'ಕಡಲು ಕಾಣುತ್ತದೆ' ಎಂದು ಬರೆದ ಎಷ್ಟೋ ಮನೆಗಳು ಗುಡ್ಡದ ಮೇಲಿರುತ್ತವೆ. ಕಡಲು ಕಾಣುವುದು ನಿಜ, ಆದರೆ ದಿನಾ ಸಂಜೆ ಒದ್ದೆ ಬಟ್ಟೆಯ ಚೀಲ ಹೊತ್ತು ಮೆಟ್ಟಿಲು ಹತ್ತಬೇಕಾಗುತ್ತದೆ.

ಯಾವ ತಿಂಗಳು ಒಳ್ಳೆಯದು? ನಮಗೆ ಸಿಗುವುದು ಏಪ್ರಿಲ್-ಮೇ ರಜೆ, ಬಿಟ್ಟರೆ ಓಣಂ ರಜೆ.
— ಕುಂಬಳೆಯ ಓದುಗರು

ಕಾಸರಗೋಡಿನವರಿಗೆ ಇಲ್ಲಿ ಒಂದು ಅನುಕೂಲವಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಓಣಂ ಆಗಸ್ಟ್ ಕೊನೆಗೋ ಸೆಪ್ಟೆಂಬರಿನಲ್ಲೋ ಬೀಳುತ್ತದೆ, ಕೇರಳದ ಶಾಲೆಗಳಿಗೆ ಸುಮಾರು ಹತ್ತು ದಿನ ರಜೆ. ಮೆಡಿಟರೇನಿಯನ್ ನೀರು ವರ್ಷದಲ್ಲೇ ಅತಿ ಬೆಚ್ಚಗಿರುವುದು ಆ ಹೊತ್ತಿಗೇ. ನೆಲದಷ್ಟು ಬೇಗ ಕಡಲು ಕಾಯುವುದಿಲ್ಲ, ಅಷ್ಟು ಬೇಗ ಆರುವುದೂ ಇಲ್ಲ. ಬಿಸಿಲು ಜೂನ್-ಜುಲೈಯಲ್ಲಿ ಏರಿದರೂ ನೀರಿನ ಬಿಸಿ ಆಗಸ್ಟಿನಲ್ಲಿ ತುದಿ ಮುಟ್ಟಿ ಸೆಪ್ಟೆಂಬರಿಡೀ ಉಳಿಯುತ್ತದೆ. ನೀಸಿನಲ್ಲಿ ಮೇ ತಿಂಗಳ ನೀರು ಸುಮಾರು 17–18 ಡಿಗ್ರಿ ಸೆಲ್ಸಿಯಸ್, ಆಗಸ್ಟಿನಲ್ಲಿ 25ರ ಆಸುಪಾಸು, ಸೆಪ್ಟೆಂಬರಿನಲ್ಲಿ 23. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಅಕ್ಟೋಬರಿನಲ್ಲೂ 22–23 ಇರುತ್ತದೆ. ನಮ್ಮ ಕಡಲಿನ 28–30 ಡಿಗ್ರಿಗೆ ಒಗ್ಗಿದ ಮೈಗೆ 18 ಎಂದರೆ ಕಾಲಿಟ್ಟ ಕೂಡಲೇ ಹಿಂದೆ ಸರಿಯುವಷ್ಟು ತಣ್ಣಗೆ. ಏಪ್ರಿಲಿನಲ್ಲಿ ಹೋದವರು ಕಡಲನ್ನು ನೋಡಿ ಬರುತ್ತಾರೆಯೇ ಹೊರತು ಮಿಂದು ಬರುವುದು ಕಡಿಮೆ.

ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ಮೇ ಕೊನೆಯ ವಾರ ಇಟ್ಟುಕೊಳ್ಳಿ, ಉತ್ತರದ ಫ್ರಾನ್ಸ್-ಇಟಲಿ ದಂಡೆ ಬಿಟ್ಟು ದಕ್ಷಿಣಕ್ಕೆ ಹೋಗಿ: ಕ್ರೀಟ್, ರೋಡ್ಸ್, ಸಿಸಿಲಿ. ಮಹಾರಾಷ್ಟ್ರದ ಕಡೆಯವರಿಗೆ ಜೂನ್ ಮೊದಲ ಭಾಗದಲ್ಲೂ ರಜೆ ಇರುವುದರಿಂದ ಆ ದಿನಗಳು ಹೇಳಿ ಮಾಡಿಸಿದಂತಿವೆ. ನಡು ಆಗಸ್ಟ್ ಬೇಡವೇ ಬೇಡ. ಆಗಸ್ಟ್ 15 ಇಟಲಿಯಲ್ಲಿ ಫೆರ್ರಾಗೋಸ್ತೊ ಹಬ್ಬ. ಅದರ ಹಿಂದು ಮುಂದು ಇಡೀ ದೇಶ ಕಡಲಿಗೆ ಇಳಿದಿರುತ್ತದೆ, ಬಾಡಿಗೆ ಏರುತ್ತದೆ, ಕೊಡೆ ಹಾಕಲು ಜಾಗ ಸಿಗುವುದಿಲ್ಲ. ಸ್ಪೇನ್, ಫ್ರಾನ್ಸ್, ಗ್ರೀಸಿನಲ್ಲೂ ಅಂದು ರಜೆ. ನವೆಂಬರಿನಿಂದ ಮಾರ್ಚಿನ ತನಕ ಗ್ರೀಸಿನ ಸಣ್ಣ ದ್ವೀಪಗಳಲ್ಲಿ ಹೆಚ್ಚಿನ ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಹಡಗುಗಳೂ ಕಡಿಮೆ. ಮಳೆಗಾಲ ಅಲ್ಲಿ ಚಳಿಗಾಲದಲ್ಲೇ. ಜೂನ್-ಜುಲೈಯಲ್ಲಿ ಒಂದು ಹನಿ ಬಿದ್ದರೆ ಹೆಚ್ಚು.

ಇನ್ನೊಂದು ವಿಷಯ ಗಾಳಿ. ಜುಲೈ-ಆಗಸ್ಟಿನಲ್ಲಿ ಗ್ರೀಸಿನ ಏಜಿಯನ್ ಕಡಲಿನ ಮೇಲೆ ಮೆಲ್ತೆಮಿ ಎಂಬ ಒಣ ಬಡಗಣ ಗಾಳಿ ದಿನಗಟ್ಟಲೆ ಬೀಸುತ್ತದೆ. ಅದು ಜೋರಾದರೆ ಮೊದಲು ನಿಲ್ಲುವುದು ವೇಗದ ಕೆಟಮರಾನ್ ದೋಣಿಗಳು, ಆಮೇಲೆ ದೊಡ್ಡ ಹಡಗುಗಳು. ಆದ್ದರಿಂದ ದ್ವೀಪದಿಂದ ಹಡಗಿನಲ್ಲಿ ಬಂದು ಅದೇ ದಿನ ಅಥೆನ್ಸಿನಿಂದ ಊರಿಗೆ ವಿಮಾನ ಹತ್ತುವ ಯೋಜನೆ ಹಾಕಲೇಬೇಡಿ. ನಡುವೆ ಒಂದು ರಾತ್ರಿ ಅಥೆನ್ಸಿನಲ್ಲಿ ಇರಲಿ.

ಹೊಸೂರಿನಿಂದ ಬೆಂಗಳೂರು ಒಂದು ಗಂಟೆಯ ದಾರಿ. ವೀಸಾ ಅರ್ಜಿಯನ್ನು ಅಲ್ಲೇ ಕೊಡಬಹುದಲ್ಲ? ಏನೇನು ಕಾಗದ ಬೇಕು?
— ಹೊಸೂರಿನ ಓದುಗರು. ಉಪ್ಪಳ, ಬದಿಯಡ್ಕದಿಂದಲೂ ಇದೇ ಪ್ರಶ್ನೆ

ಗಡಿನಾಡಿನವರು ಎಡವುವುದು ಇಲ್ಲೇ. ಕೆಲವು ದೇಶಗಳು ಅರ್ಜಿದಾರರ ವಾಸದ ರಾಜ್ಯ ನೋಡಿ ಯಾವ ದೂತಾವಾಸ ಎಂದು ಗೊತ್ತುಮಾಡುತ್ತವೆ. ಊರು ಎಷ್ಟು ಹತ್ತಿರ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ನಿಮ್ಮ ವಿಳಾಸ ತಮಿಳುನಾಡಿನದು, ಬದಿಯಡ್ಕದವರದು ಕೇರಳದ್ದು, ಅಕ್ಕಲಕೋಟೆಯವರದು ಮಹಾರಾಷ್ಟ್ರದ್ದು. ಇನ್ನು ಕೆಲವು ದೇಶಗಳು ಎಲ್ಲಿ ಕೊಟ್ಟರೂ ತೆಗೆದುಕೊಳ್ಳುತ್ತವೆ. ಅಪಾಯಿಂಟ್‌ಮೆಂಟ್ ಹಿಡಿಯುವ ಮೊದಲೇ ಆಯಾ ದೇಶದ ಅರ್ಜಿ ಕೇಂದ್ರದ ಜಾಲತಾಣದಲ್ಲಿ ನಿಮ್ಮ ರಾಜ್ಯದ ಹೆಸರು ಯಾವ ಕೇಂದ್ರದ ಕೆಳಗಿದೆ ಎಂದು ನೋಡಿ. ಬೆಂಗಳೂರಿನಲ್ಲಿ ವಾಸವಿದ್ದು ಪಾಸ್‌ಪೋರ್ಟಿನಲ್ಲಿ ಊರಿನ ವಿಳಾಸ ಇದ್ದರೆ ಬಾಡಿಗೆ ಕರಾರು, ಕಂಪನಿಯ ಪತ್ರದಂಥ ವಾಸದ ದಾಖಲೆ ಒಯ್ಯಬೇಕು.

ಫ್ರಾನ್ಸ್, ಇಟಲಿ, ಸ್ಪೇನ್, ಗ್ರೀಸ್, ಮಾಲ್ಟಾ, ಕ್ರೊಯೇಷಿಯಾ ಇಷ್ಟಕ್ಕೂ ಒಂದೇ ವೀಸಾ ಸಾಕು. ಇವೆಲ್ಲ ಷೆಂಗೆನ್ ಎಂಬ ಗುಂಪಿನ ದೇಶಗಳು. ಎಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ರಾತ್ರಿಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಸೈಪ್ರಸ್ ಈ ಗುಂಪಿನಲ್ಲಿಲ್ಲ. ಟರ್ಕಿ, ಅಲ್ಬೇನಿಯಾ, ಮಾಂಟೆನೆಗ್ರೊ, ಬೋಸ್ನಿಯಾ ಕೂಡ ಹೊರಗೇ. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ಗ್ರೀಕ್ ದ್ವೀಪದಿಂದ ಎದುರಿನ ಟರ್ಕಿಗೆ ಒಂದು ದಿನದ ದೋಣಿ ಹತ್ತಿದರೆ ವಾಪಸು ಬರಲು ಬಿಡುವುದಿಲ್ಲ. ಕ್ರೊಯೇಷಿಯಾದಲ್ಲಿ ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ರಸ್ತೆಯಲ್ಲಿ ಹೋಗುವವರಿಗೂ ಇದೇ ಅಪಾಯ. ಹಳೆಯ ದಾರಿ ಬೋಸ್ನಿಯಾದ ನೆಯುಮ್ ಊರನ್ನು ಹಾದುಹೋಗುತ್ತದೆ. 2022ರಲ್ಲಿ ತೆರೆದ ಪೆಲ್ಯೆಶಾಟ್ಸ್ ಸೇತುವೆಯ ಮೇಲಿಂದ ಹೋಗುವ ಬಸ್ಸೇ ಎಂದು ಕೇಳಿ ಹತ್ತಿ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, ಆರರಿಂದ ಹನ್ನೆರಡು ತುಂಬುವ ತನಕ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. 15 ದಿನದಲ್ಲಿ ತೀರ್ಮಾನ ಎಂದು ನಿಯಮವಿದ್ದರೂ 45ರ ತನಕ ಎಳೆಯಬಹುದು. ಬೇಸಿಗೆ ರಜೆಯ ಮುನ್ನ ಅಪಾಯಿಂಟ್‌ಮೆಂಟೇ ಸಿಗದೆ ಪ್ರವಾಸ ಬಿದ್ದುಹೋಗುವುದು ಹೆಚ್ಚು, ಹಾಗಾಗಿ ಮೂರು ನಾಲ್ಕು ತಿಂಗಳು ಮೊದಲೇ ಹಿಡಿಯಿರಿ. ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು, ವಾಪಸು ಹೊರಡುವ ದಿನದ ಆಚೆಗೆ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಎಲ್ಲ ದಿನಗಳಿಗೂ ಅನ್ವಯಿಸುವಂಥದ್ದು. ವೀಸಾ ಕೈಗೆ ಬರುವ ತನಕ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ.

ಕೃಷಿಕರು ಆದಾಯ ತೋರಿಸುವುದು ಹೇಗೆ ಎಂದು ಬದಿಯಡ್ಕದವರು ಕೇಳಿದ್ದಾರೆ. ಅಡಿಕೆ ತೋಟವೇ ಜೀವನಾಧಾರವಾಗಿದ್ದು ಆದಾಯ ತೆರಿಗೆ ರಿಟರ್ನ್ ಇಲ್ಲದಿದ್ದರೆ ಭೂತೆರಿಗೆ ರಶೀದಿ, ಹಕ್ಕುಪತ್ರದ ಪ್ರತಿ, ಕ್ಯಾಂಪ್ಕೊ ಅಥವಾ ಸೊಸೈಟಿಗೆ ಅಡಿಕೆ ಕೊಟ್ಟ ಬಿಲ್ಲುಗಳು, ಆ ಹಣ ಜಮೆಯಾದ ಬ್ಯಾಂಕ್ ಖಾತೆಯ ಆರು ತಿಂಗಳ ಸ್ಟೇಟ್‌ಮೆಂಟ್ ಇವನ್ನು ಒಟ್ಟಿಗೆ ಇಡಿ. ಬಿಲ್ಲಿನ ಮೊತ್ತ ಖಾತೆಯಲ್ಲಿ ಕಾಣುವಂತೆ ಗುರುತು ಹಾಕಿದರೆ ಪರಿಶೀಲಿಸುವವರಿಗೆ ಸಂಶಯ ಉಳಿಯುವುದಿಲ್ಲ. ವಿಲ್ಲೇಜ್ ಆಫೀಸಿನ ಕಾಗದ ಮಲಯಾಳದಲ್ಲೋ ಕನ್ನಡದಲ್ಲೋ ಇದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ. ಅರ್ಜಿಗೆ ವಾರವಿರುವಾಗ ನೆಂಟರಿಂದ ಲಕ್ಷಗಟ್ಟಲೆ ತಂದು ಖಾತೆಗೆ ತುಂಬುವ ಅಭ್ಯಾಸ ಕೆಲವರಿಗಿದೆ. ತಿರಸ್ಕಾರಕ್ಕೆ ಅದು ದೊಡ್ಡ ಕಾರಣ. ಎಲ್ಲಿಂದ ಬಂತು ಎಂದು ಹೇಳಲಾಗದ ಹಣ ನಿಮ್ಮದಲ್ಲ ಎಂದೇ ಅವರು ಎಣಿಸುತ್ತಾರೆ.

ಉಪ್ಪಳದವರ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾರೆ. ಅವರು ಅರ್ಜಿ ಹಾಕಬೇಕಾದ್ದು ಅಲ್ಲೇ. ಕಾನೂನುಬದ್ಧ ವಾಸ ಎಲ್ಲಿಯೋ ಅರ್ಜಿ ಅಲ್ಲಿ. ಅಪ್ಪ ಅಮ್ಮನ ಅರ್ಜಿ ಇಲ್ಲಿ. ಎರಡಕ್ಕೂ ಒಂದೇ ಪ್ರಯಾಣಪಟ್ಟಿ, ಒಂದೇ ಹೋಟೆಲ್ ಬುಕಿಂಗ್ ಲಗತ್ತಿಸಿ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಗಲ್ಫ್ ಮೂಲಕ ಹೋಗುವವರು ಇಡೀ ಪ್ರಯಾಣವನ್ನು ಒಂದೇ ಟಿಕೆಟ್ಟಿನಲ್ಲಿ ಕೊಳ್ಳಿ. ಎರಡು ಬೇರೆ ಟಿಕೆಟ್ ಆದರೆ ದುಬೈಯಲ್ಲಿ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು, ಅದಕ್ಕೆ ಹೊರಗೆ ಬರಬೇಕು, ಹೊರಗೆ ಬರಲು ಅಲ್ಲಿನ ವೀಸಾ ಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಉಪನಾಮದ ಜಾಗ ಖಾಲಿ ಇರುವವರಿಗೆ 2022ರ ಕೊನೆಯಿಂದ ಆ ಸಂದರ್ಶಕ ವೀಸಾ ಸಿಗುವುದೂ ಕಷ್ಟ.

ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಊಟದ ಗತಿ ಏನು? ಮನೆಯಿಂದ ಏನೇನು ಒಯ್ಯಬಹುದು?
— ನಿವೃತ್ತ ಅಧ್ಯಾಪಿಕೆ, ಪೆರ್ಲ

ಹಸಿವಿನಿಂದ ಇರಬೇಕಾಗಿಲ್ಲ ಅಮ್ಮ. ಈ ದಂಡೆಯ ಮನೆಯಡುಗೆಯಲ್ಲಿ ಕಾಳು, ತರಕಾರಿ, ಎಣ್ಣೆಯ ಪಾಲು ದೊಡ್ಡದು. ಅತ್ಯಂತ ಸುಲಭ ಗ್ರೀಸ್. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಬಹಳ ದಿನ ಉಪವಾಸವಿದೆ, ಆ ದಿನಗಳ ಅಡುಗೆಗೆ 'ನಿಸ್ತೀಸಿಮೊ' ಎನ್ನುತ್ತಾರೆ. ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಆದರೆ ಸಿಗಡಿ, ಕಪ್ಪೆಚಿಪ್ಪು, ಆಕ್ಟೋಪಸ್ಸಿಗೆ ಅಡ್ಡಿಯಿಲ್ಲ, ಹಾಗಾಗಿ ಕಡಲ ಪ್ರಾಣಿ ಬೇಡ ಎಂದು ಬಿಡಿಸಿ ಹೇಳಬೇಕು. ಗಿಗಾಂತೆಸ್ ಎಂದರೆ ಟೊಮೇಟೊ ರಸದಲ್ಲಿ ಬೇಯಿಸಿದ ದೊಡ್ಡ ಬಿಳಿ ಅವರೆ. ಫಾವಾ ಎಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಆಲಿವ್ ಎಣ್ಣೆ, ಹಸಿ ನೀರುಳ್ಳಿ ಹಾಕಿದ್ದು, ನಮ್ಮ ತೊವ್ವೆಗೆ ಹತ್ತಿರ. ಬ್ರಿಯಾಮ್ ಒಲೆಯಲ್ಲಿ ಬೆಂದ ಬದನೆ, ಬಟಾಟೆ, ಕುಂಬಳ ಜಾತಿಯ ಕಾಯಿ. ಗೆಮಿಸ್ತಾ ಅನ್ನ ತುಂಬಿದ ಟೊಮೇಟೊ. ಕೆಲವೆಡೆ ಅದಕ್ಕೆ ಕೊಚ್ಚಿದ ಮಾಂಸ ಸೇರಿಸುತ್ತಾರೆ, ಕೇಳಿಯೇ ತಿನ್ನಿ.

ನೀಸಿನ ಹಳೆಪೇಟೆಯಲ್ಲಿ ಸೊಕ್ಕಾ ಸಿಗುತ್ತದೆ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ, ಸೌದೆ ಒಲೆಯಲ್ಲಿ ದೊಡ್ಡ ತಾಮ್ರದ ಹರಿವಾಣದ ಮೇಲೆ ಸುಟ್ಟು ಕೆರೆದು ಕೊಡುತ್ತಾರೆ, ಮೇಲಿಂದ ಕಾಳುಮೆಣಸು. ಇಟಲಿಯ ಜಿನೋವಾ ಕಡೆ ಇದಕ್ಕೇ ಫಾರಿನಾತಾ ಎಂದು ಹೆಸರು. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಗಟ್ಟಿಯಾಗುತ್ತದೆ. ಅದೇ ಬೀದಿಯ ಪಿಸಲಾದಿಯೇರ್ ನೀರುಳ್ಳಿ ರೊಟ್ಟಿಯಂತೆ ಕಾಣುತ್ತದೆ, ಆದರೆ ಅದರಲ್ಲಿ ಆಂಚೊವಿ ಮೀನು ಇದೆ. ನೀಸ್ ಸಲಾಡಿನಲ್ಲಿ ಮೀನೂ ಮೊಟ್ಟೆಯೂ ಇದೆ. ಇಟಲಿಯ ಪಾರ್ಮಿಜಾನೊ ಚೀಸು ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹೆಪ್ಪುಗಟ್ಟಿಸಿದ್ದು, ಪೆಸ್ತೊ ಚಟ್ನಿಯಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ. ತರಕಾರಿ ಸೂಪು ಎಂದು ಬರೆದಲ್ಲೂ ಮಾಂಸದ ಸಾರು ಹಾಕಿರಬಹುದು. ಸ್ಪೇನಿನಲ್ಲಿ ಟೊಮೇಟೊ ಉಜ್ಜಿದ ರೊಟ್ಟಿ, ಗಾಸ್ಪಾಚೊ ಎಂಬ ತಣ್ಣನೆಯ ಟೊಮೇಟೊ ಸೂಪು, ಎಸ್ಕಲಿವಾದ ಎಂಬ ಸುಟ್ಟ ತರಕಾರಿ ಇವನ್ನು ನಿಶ್ಚಿಂತೆಯಿಂದ ತಿನ್ನಬಹುದು, ಮೇಲೆ ಹಂದಿಮಾಂಸದ ಚೂರು ಉದುರಿಸದಂತೆ ಹೇಳಿದರೆ ಸಾಕು. ಟೋರ್ತಿಯಾ ನಿಮಗಾಗದು, ಅದು ಮೊಟ್ಟೆಯದ್ದು.

ಹೊತ್ತಿನ ಲೆಕ್ಕವನ್ನೂ ತಿಳಿದಿರಿ. ಫ್ರಾನ್ಸ್, ಇಟಲಿಯಲ್ಲಿ ಮಧ್ಯಾಹ್ನ ಎರಡೂವರೆಯ ಮೇಲೆ ಅಡುಗೆಮನೆ ಮುಚ್ಚಿ ಏಳಕ್ಕೆ ತೆರೆಯುತ್ತಾರೆ. ಸ್ಪೇನಿನಲ್ಲಿ ರಾತ್ರಿಯೂಟ ಎಂಟೂವರೆಗೆ ಮೊದಲು ಸಿಗುವುದು ಕಷ್ಟ. ಬಾಡಿಗೆ ಮನೆ ಹಿಡಿದು ಒಂದು ಹೊತ್ತು ನೀವೇ ಬೇಯಿಸಿಕೊಳ್ಳುವುದು ಮೇಲು. ಅಕ್ಕಿ, ಬೇಳೆ, ಮೊಸರು, ತರಕಾರಿ ಅಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲೇ ಇದೆ.

ಮನೆಯಿಂದ ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ ಒಯ್ಯಿರಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನ, ಮಾಂಸ ತರುವಂತಿಲ್ಲ. ತುಪ್ಪ, ಪೇಡೆ ಎರಡಕ್ಕೂ ಈ ನಿಯಮ ತಾಗುತ್ತದೆ. ಸಿಕ್ಕಿದರೆ ಕಸ್ಟಮ್ಸಿನವರು ಕಸಕ್ಕೆ ಹಾಕುತ್ತಾರೆ. ಹಸಿ ಹಣ್ಣು, ಸೊಪ್ಪು, ಕರಿಬೇವು, ವೀಳ್ಯದೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದರಿಂದ ವಿನಾಯಿತಿ ಇರುವುದು ಐದಕ್ಕೆ ಮಾತ್ರ: ಅನಾನಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡೂರಿಯನ್. ತೆಂಗಿನಕಾಯಿಗೆ ಅಡ್ಡಿಯಿಲ್ಲವೆಂದು ಒಣ ಕೊಬ್ಬರಿ ಕಟ್ಟಬೇಡಿ. ಎಣ್ಣೆಯಂಶದಿಂದ ತಾನೇ ಕಾದು ಹೊತ್ತಿಕೊಳ್ಳುವ ಭಯವಿರುವುದರಿಂದ ವಿಮಾನದವರು ಅದನ್ನು ಬಿಡುವುದಿಲ್ಲ. ಗಲ್ಫ್ ದಾರಿಯಲ್ಲಿ ಹೋಗುವುದಾದರೆ ಗಸಗಸೆ ಹಾಕಿದ ಯಾವ ಪುಡಿಯೂ ಚೀಲದಲ್ಲಿ ಇರಬಾರದು. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಾದೀತು.

ನಾನು ಕಡಲ ಬದಿಯಲ್ಲೇ ಹುಟ್ಟಿ ಬೆಳೆದವನು, ಚೆನ್ನಾಗಿ ಈಜುತ್ತೇನೆ. ಅಲೆಯಿಲ್ಲದ ಆ ಕಡಲಿನಲ್ಲಿ ಭಯಪಡುವಂಥದ್ದು ಏನಿದೆ?
— ಮೊಗ್ರಾಲ್ ಪುತ್ತೂರಿನ ಓದುಗರು

ನಮ್ಮ ಕಡಲಿನಲ್ಲಿ ತೆರೆಯ ಸದ್ದೇ ಎಚ್ಚರಿಸುತ್ತದೆ. ಅಲ್ಲಿ ಆ ಸದ್ದಿಲ್ಲ, ನೀರು ನೀಲಿಯಾಗಿ ಸುಮ್ಮನೆ ಮಲಗಿರುತ್ತದೆ, ಅದಕ್ಕೇ ಎಚ್ಚರ ತಪ್ಪುವುದು. ಭರತ ಇಳಿತ ಹೆಚ್ಚಿನ ಕಡೆ ಒಂದೆರಡು ಗೇಣು ಮಾತ್ರ.

ಮೊದಲನೆಯದು ತಣ್ಣೀರು. ಬಿಸಿಲಲ್ಲಿ ಕಾದ ಮೈಯನ್ನು 20 ಡಿಗ್ರಿಯ ನೀರಿಗೆ ಒಮ್ಮೆಲೇ ಎಸೆದರೆ ಉಸಿರು ತಾನಾಗಿ ಒಳಕ್ಕೆ ಎಳೆಯುತ್ತದೆ. ಆ ಗಳಿಗೆಯಲ್ಲಿ ಮುಖ ನೀರಿನೊಳಗಿದ್ದರೆ ಈಜು ಬಲ್ಲವರೂ ನೀರು ಕುಡಿಯುತ್ತಾರೆ. ಸೊಂಟದವರೆಗೆ ಇಳಿದು, ಕತ್ತಿಗೆ ಎದೆಗೆ ನೀರು ಎರಚಿಕೊಂಡು, ಉಸಿರು ಹದಕ್ಕೆ ಬಂದ ಮೇಲೆ ಮುಳುಗಿ. ನೀರು ತಿಳಿಯಾಗಿರುವುದರಿಂದ ಆಳ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬಂಡೆಯ ಮೇಲಿಂದ ತಲೆಕೆಳಗಾಗಿ ಹಾರಿ ಕುತ್ತಿಗೆ ಮುರಿದುಕೊಳ್ಳುವವರು ಪ್ರತಿ ಬೇಸಿಗೆಯಲ್ಲೂ ಇದ್ದಾರೆ.

ಎರಡನೆಯದು ದಂಡೆಯಿಂದ ಆಚೆಗೆ ಬೀಸುವ ಗಾಳಿ. ಫ್ರಾನ್ಸಿನಲ್ಲಿ ರೋನ್ ಕಣಿವೆಯಿಂದ ಇಳಿಯುವ ಮಿಸ್ತ್ರಾಲ್ ಅಂಥದ್ದು. ಅದು ಬೀಸುವಾಗ ದಂಡೆಯ ಬಳಿ ನೀರು ಕನ್ನಡಿಯಂತೆ ಕಾಣುತ್ತದೆ, ಏಕೆಂದರೆ ಗಾಳಿ ಹಿಂದಿನಿಂದ ಬರುತ್ತಿದೆ. ಮಕ್ಕಳನ್ನು ಗಾಳಿ ತುಂಬಿದ ಹಾಸಿಗೆಯ ಮೇಲೆ ಕೂರಿಸಿದರೆ ನೋಡನೋಡುತ್ತಿದ್ದಂತೆ ನೂರು ಮೀಟರ್ ಆಚೆ ಹೋಗಿರುತ್ತಾರೆ. ಅಂಥ ದಿನ ತೇಲುವ ಆಟಿಕೆಯನ್ನು ಬಿಚ್ಚಲೇಬೇಡಿ. ಹಸಿರು ಬಾವುಟ ಇದ್ದರೆ ಇಳಿಯಿರಿ, ಹಳದಿಯಿದ್ದರೆ ದಂಡೆಯ ಬಳಿಯೇ ಇರಿ, ಕೆಂಪಿದ್ದರೆ ಇಳಿಯಬೇಡಿ. ಫ್ರಾನ್ಸಿನಲ್ಲಿ ದಂಡೆಯಿಂದ 300 ಮೀಟರಿಗೆ ನೀರಿನಲ್ಲಿ ತೇಲುವ ಹಳದಿ ಬೋಯೆಗಳನ್ನು ಕಟ್ಟಿರುತ್ತಾರೆ. ಅದರಾಚೆ ಮೋಟಾರು ದೋಣಿಗಳು ವೇಗವಾಗಿ ಓಡುತ್ತವೆ, ಈಜುವವರ ತಲೆ ಅವರಿಗೆ ಕಾಣುವುದಿಲ್ಲ.

ಬಂಡೆಗಳ ಮೇಲೆ ಕಪ್ಪು ಮುಳ್ಳುಚೆಂಡಿನಂತೆ ಅಂಟಿರುವ ಕಡಲಮುಳ್ಳಿ ಕಾಲಿಗೆ ಚುಚ್ಚಿದರೆ ಮುಳ್ಳು ಒಳಗೇ ಮುರಿಯುತ್ತದೆ. ರಬ್ಬರ್ ಅಡಿಯ ನೀರಿನ ಚಪ್ಪಲಿ ಕೊಳ್ಳಿ, ಹಿಮ್ಮಡಿ ಮುಚ್ಚುವಂಥದ್ದು. ಉರುಟು ಕಲ್ಲಿನ ದಂಡೆಗೂ ಅದೇ ಬೇಕು, ನಮ್ಮ ಹವಾಯಿ ಚಪ್ಪಲಿ ಮೊದಲ ತೆರೆಗೇ ಹೋಗುತ್ತದೆ. ಲೋಳೆಮೀನು ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಸಿಹಿನೀರು ಬಿದ್ದರೆ ಚರ್ಮಕ್ಕಂಟಿದ ವಿಷದ ಕೋಶಗಳು ಇನ್ನಷ್ಟು ಒಡೆಯುತ್ತವೆ. ಕಡಲ ನೀರಿನಿಂದಲೇ ತೊಳೆದು, ಅಂಟಿದ ಎಳೆಯನ್ನು ಚಿಮಟದಿಂದ ಎತ್ತಿ, ಜೀವರಕ್ಷಕರ ಗುಡಿಸಲಿಗೆ ಹೋಗಿ. ಹೊಯಿಗೆಯಲ್ಲಿ ಹೂತುಕೊಳ್ಳುವ ವೀವರ್ ಎಂಬ ಮೀನಿನ ಮುಳ್ಳು ತುಳಿದರೆ ಮಾತ್ರ ಬಿಸಿನೀರೇ ಮದ್ದು: ಸಹಿಸುವಷ್ಟು ಬಿಸಿಯ ನೀರಿನಲ್ಲಿ ಅರ್ಧ ಗಂಟೆಗೂ ಮೇಲೆ ಕಾಲಿಟ್ಟರೆ ವಿಷದ ಬಲ ಕುಗ್ಗುತ್ತದೆ. ಎಲ್ಲ ಕಡೆ ತುರ್ತು ಫೋನ್ ಸಂಖ್ಯೆ 112.

ಇನ್ನು ಬಿಸಿಲು. ಊರಿನ ಸೆಕೆಯಲ್ಲಿ ಬೆವರು ಇಳಿದು ಅಂಗಿ ಒದ್ದೆಯಾಗುವುದರಿಂದ ನೀರಿನ ನೆನಪಾಗುತ್ತದೆ. ಅಲ್ಲಿ ಗಾಳಿ ಒಣ, ಬೆವರು ಬಂದದ್ದೇ ಆರಿಹೋಗುತ್ತದೆ, ಬಾಯಾರಿಕೆ ತಿಳಿಯುವ ಮೊದಲೇ ತಲೆ ಸುತ್ತುತ್ತದೆ. ಜೂನ್ ಕೊನೆಗೆ ನೀಸಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲಿಗೆ, ಆದ್ದರಿಂದ ಐದು ಗಂಟೆಯ ಬಿಸಿಲೂ ಸುಡುತ್ತದೆ. ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಬೇಡ ಎಂಬ ಮಾತು ತಪ್ಪು. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದು, ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಎದ್ದ ಮೇಲೆ ಮತ್ತೊಮ್ಮೆ. ಹನ್ನೆರಡರಿಂದ ನಾಲ್ಕರ ತನಕ ನೆರಳಿನಲ್ಲಿರಿ.

ಹೆಂಗಸರು ಯಾವ ಉಡುಪಿನಲ್ಲಿ ನೀರಿಗಿಳಿಯಬಹುದು? ಮೈ ಮುಚ್ಚುವ ಬಟ್ಟೆ ಹಾಕಿದರೆ ಆಕ್ಷೇಪಿಸುತ್ತಾರಂತೆ, ನಿಜವೇ?
— ಮಂಜೇಶ್ವರದ ಓದುಗರು

ಚೂಡಿದಾರ, ನೈಟಿಯಲ್ಲಿ ಇಳಿಯಬೇಡಿ. ಆಕ್ಷೇಪಕ್ಕಿಂತ ದೊಡ್ಡ ಕಾರಣ, ಹತ್ತಿ ಬಟ್ಟೆ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಉದ್ದ ತೋಳಿನ ಲೈಕ್ರಾ ಅಂಗಿ, ಮೊಣಕಾಲೋ ಹಿಮ್ಮಡಿಯೋ ಮುಟ್ಟುವ ಲೈಕ್ರಾ ಪ್ಯಾಂಟು ಹಾಕಿ. ಬಿಸಿಲು ತಡೆಯಲೆಂದು ಯುರೋಪಿನವರೂ ಅದನ್ನು ಹಾಕುತ್ತಾರೆ. ತಲೆಯನ್ನೂ ಮುಚ್ಚುವ ಈಜುಡುಪನ್ನು 2016ರಲ್ಲಿ ಫ್ರಾನ್ಸಿನ ಕೆಲವು ಕಡಲೂರುಗಳ ಮೇಯರುಗಳು ನಿಷೇಧಿಸಿದ್ದರು. ನೀಸ್ ಪಕ್ಕದ ವಿಲ್‌ನವ್-ಲುಬೆಯ ಆದೇಶವನ್ನು ಆ ವರ್ಷದ ಆಗಸ್ಟಿನಲ್ಲೇ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ತಡೆಹಿಡಿಯಿತು. ಸಾರ್ವಜನಿಕ ಈಜುಕೊಳದ ನಿಯಮ ಬೇರೆ: ಫ್ರಾನ್ಸಿನ ಕೊಳಗಳಲ್ಲಿ ಗಂಡಸರ ಸಡಿಲ ಚಡ್ಡಿಗೂ ಅವಕಾಶವಿಲ್ಲ. ಮನಸ್ಸಿಗೆ ಕಿರಿಕಿರಿ ಬೇಡವೆಂದರೆ ಸ್ಪೇನ್, ಗ್ರೀಸ್ ಆರಿಸಿ. ಫ್ರಾನ್ಸ್, ಸ್ಪೇನಿನ ದಂಡೆಗಳಲ್ಲಿ ಮೇಲುಡುಪಿಲ್ಲದೆ ಮಲಗಿರುವವರೂ ಇರುತ್ತಾರೆ, ಇದನ್ನು ಜೊತೆಯ ಹಿರಿಯರಿಗೆ ಮೊದಲೇ ಹೇಳಿಟ್ಟರೆ ಅವರಿಗೆ ಮುಜುಗರ ಕಡಿಮೆ. ಈಜುಡುಪಿನಲ್ಲೇ ಪೇಟೆಗೆ ಬರಬೇಡಿ, ಇಟಲಿಯ ಸೊರೆಂಟೊದಲ್ಲಿ 2022ರಿಂದ ಅದಕ್ಕೆ ದಂಡವಿದೆ.

ಅತ್ತೆ ಮಾವನಿಗೆ ಮೊಣಕಾಲು ನೋವು. ಸೊಲ್ಲಾಪುರ ಜಿಲ್ಲೆ ಬಿಟ್ಟು ಹೆಚ್ಚು ಹೊರಗೆ ಹೋದವರಲ್ಲ. ಕಡಲು ತೋರಿಸಬೇಕೆಂಬ ಆಸೆ.
— ಅಕ್ಕಲಕೋಟೆಯ ಓದುಗರು

ಫೋಟೋದಲ್ಲಿ ಚೆಂದ ಕಾಣುವ ಊರುಗಳೆಲ್ಲ ಮೆಟ್ಟಿಲಿನ ಊರುಗಳು ಎಂದು ತಿಳಿಯಿರಿ. ಪೊಸಿಟಾನೊ, ಸ್ಯಾಂಟೊರಿನಿ ಬಿಡಿ. ಇಟಲಿಯ ಚಿಂಕ್ವೆ ತೆರ್ರೆಯ ಕೊರ್ನಿಲಿಯಾದಲ್ಲಿ ನಿಲ್ದಾಣದಿಂದ ಊರಿಗೆ 380ಕ್ಕೂ ಹೆಚ್ಚು ಮೆಟ್ಟಿಲು. ನೀಸ್, ಮಾಲಗಾ, ವಲೆನ್ಸಿಯಾ ಮಟ್ಟಸವಾಗಿವೆ. ನೀಸಿನ ಕಡಲೋರದ ಕಾಲುದಾರಿ ಸುಮಾರು ಏಳು ಕಿಲೋಮೀಟರು, ಒಂದು ಮೆಟ್ಟಿಲಿಲ್ಲ, ಉದ್ದಕ್ಕೂ ಕುರ್ಚಿಗಳಿವೆ. ಗ್ರೀಸಿನ ಅನೇಕ ದಂಡೆಗಳಲ್ಲಿ ಸೀಟ್ರ್ಯಾಕ್ ಎಂಬ ವ್ಯವಸ್ಥೆ ಇದೆ: ಹಳಿಯ ಮೇಲೆ ಕೂತ ಕುರ್ಚಿ ಸೌರ ವಿದ್ಯುತ್ತಿನಿಂದ ನೀರಿನೊಳಗೆ ಇಳಿದು ಮತ್ತೆ ಮೇಲೆ ಬರುತ್ತದೆ. ನಡೆಯಲಾಗದವರೂ ಮೀಯಬಹುದು. ಹಿರಿಯರ ವಿಮೆ ಕೊಳ್ಳುವಾಗ ಬಿಪಿ, ಸಕ್ಕರೆಯಂಥ ಹಳೆಯ ಕಾಯಿಲೆಗೂ ರಕ್ಷಣೆ ಇರುವುದನ್ನೇ ಆರಿಸಿ, ಅಗ್ಗದ ಪಾಲಿಸಿಗಳಲ್ಲಿ ಅದು ಇರುವುದಿಲ್ಲ. ಮಾತ್ರೆಗಳನ್ನು ಸ್ಟ್ರಿಪ್ಪಿನಲ್ಲೇ, ಡಾಕ್ಟರ ಇಂಗ್ಲಿಷ್ ಚೀಟಿಯೊಂದಿಗೆ ಕೈಚೀಲದಲ್ಲಿ ಇಡಿ. ವಿಮಾನದಲ್ಲಿ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ, ಅದಕ್ಕೆ ಹಣವಿಲ್ಲ.

ಸ್ಪೇನಿನ ಮಯೋರ್ಕಾ ದ್ವೀಪದ ಒಂದು ದಂಡೆಯ ಫೋಟೋ ನೋಡಿದೆವು. ನೀರಂಚಿನಲ್ಲಿ ಕಂದು ಕಸದ ರಾಶಿ. ಅಷ್ಟು ಹಣ ಕೊಟ್ಟು ಕೊಳಕು ದಂಡೆಗೆ ಹೋಗುವುದೇ?
— ಆದವಾನಿಯ ಓದುಗರು

ಅದು ಕಸವಲ್ಲ, ಪೊಸಿಡೋನಿಯಾ ಎಂಬ ಕಡಲ ಹುಲ್ಲಿನ ಉದುರಿದ ಎಲೆ. ಇದು ಪಾಚಿಯಲ್ಲ, ಬೇರು, ಹೂ, ಕಾಯಿ ಬಿಡುವ ಗಿಡ. ಇಲ್ಲಿಯ ಜಾತಿ ಮೆಡಿಟರೇನಿಯನ್ ಬಿಟ್ಟು ಬೇರೆಲ್ಲೂ ಇಲ್ಲ. ಶರತ್ಕಾಲದಲ್ಲಿ ಎಲೆ ಉದುರಿ ದಂಡೆಗೆ ಬಂದು ಬೀಳುತ್ತದೆ, ಚಳಿಗಾಲದ ತೆರೆ ಹೊಯಿಗೆಯನ್ನು ಕೊಚ್ಚಿಕೊಂಡು ಹೋಗದಂತೆ ಆ ರಾಶಿಯೇ ಕಾಯುತ್ತದೆ. ಹುಲ್ಲುಗಾವಲು ಇರುವಲ್ಲಿ ನೀರು ತಿಳಿಯಾಗಿರುತ್ತದೆ, ಮೀನುಮರಿ ಬೆಳೆಯುತ್ತದೆ. ಇಬಿಸಾ-ಫೊರ್ಮೆಂತೆರಾ ದ್ವೀಪಗಳ ನಡುವಿನ ಹುಲ್ಲುಗಾವಲು 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಕಡಲು ಕೊರೆದು ತೋಟ, ಮನೆ ಹೋಗುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಎಲೆಯ ಮೇಲೆ ನಡೆಯಿರಿ, ಏನೂ ಆಗುವುದಿಲ್ಲ.

ಕಾರು ಬಾಡಿಗೆಗೆ ಪಡೆಯುವುದು ಲಾಭವೇ? — ಮಡಕಶಿರಾ

ಕ್ರೀಟ್, ಸಿಸಿಲಿಯಂಥ ದೊಡ್ಡ ದ್ವೀಪಗಳಲ್ಲಿ ಹೌದು, ನೀಸ್-ಮಾಲಗಾ ದಂಡೆಯಲ್ಲಿ ಬೇಡ. ಅಂತರರಾಷ್ಟ್ರೀಯ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕಚೇರಿಯಿಂದ ಪಡೆಯಿರಿ, ಒಂದು ವರ್ಷ ಚಾಲ್ತಿ. ಊರಿನ ಮೂಲ ಪರವಾನಗಿಯೂ ಜೊತೆಗಿರಬೇಕು. ಗಾಡಿ ಬಲಬದಿಯಲ್ಲಿ ಓಡಿಸಬೇಕು. ಠೇವಣಿಗೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡೆಬಿಟ್ ಕಾರ್ಡನ್ನು ಎಷ್ಟೋ ಕಡೆ ಒಪ್ಪುವುದಿಲ್ಲ. ಇಟಲಿಯ ಹಳೆಪೇಟೆಗಳಲ್ಲಿ ಜೆಡ್‌ಟಿಎಲ್ ಎಂಬ, ಹೊರಗಿನ ಗಾಡಿಗಳಿಗೆ ಪ್ರವೇಶವಿಲ್ಲ ಎಂದು ಸೂಚಿಸುವ ಫಲಕ ದಾಟಿದರೆ ಕ್ಯಾಮರಾ ನಂಬರು ಹಿಡಿಯುತ್ತದೆ, ದಂಡದ ಚೀಟಿ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ.

ಹಣ ಹೇಗೆ ಒಯ್ಯಬೇಕು? — ತಾಳವಾಡಿ

ಹೆಚ್ಚಿನದು ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಬ್ಯಾಂಕ್ ಕಾರ್ಡು), ತಲಾ ನೂರಿನ್ನೂರು ಯೂರೊ ನಗದು. ಅಂಗಡಿಯ ಯಂತ್ರವೋ ಎಟಿಎಮ್ಮೋ 'ರೂಪಾಯಿಯಲ್ಲಿ ಕಳೆಯಲೇ' ಎಂದು ಕೇಳಿದರೆ ಬೇಡವೆಂದು ಯೂರೊ ಒತ್ತಿ. ರೂಪಾಯಿ ಒತ್ತಿದರೆ ಅವರದೇ ಕೆಟ್ಟ ದರ ಬೀಳುತ್ತದೆ. ಇಟಲಿಯ ಊಟದ ಹೋಟೆಲುಗಳಲ್ಲಿ ತಲೆಗಿಷ್ಟು ಎಂದು ಕೊಪೆರ್ತೊ ಎಂಬ ಶುಲ್ಕ ಸೇರಿಸುತ್ತಾರೆ, ಮೋಸವಲ್ಲ, ಪಟ್ಟಿಯಲ್ಲಿ ಬರೆದಿರುತ್ತದೆ. ವಸತಿಯ ಮೇಲಿನ ಪ್ರವಾಸಿ ತೆರಿಗೆಯನ್ನು ಬುಕಿಂಗಿನಲ್ಲಿ ಸೇರಿಸದೆ ಅಲ್ಲಿಯೇ ಕೇಳುವುದೂ ಉಂಟು. ಪ್ಯಾಕೇಜಿನ ಮೇಲೆ ಏಜೆಂಟರು ಹಿಡಿದುಕೊಂಡ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಮೊತ್ತದ ಪ್ರಮಾಣಪತ್ರ ಕೇಳಿ ಇಟ್ಟುಕೊಳ್ಳಿ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಮೊಮ್ಮಗಳು ಚಿಪ್ಪು, ಬಣ್ಣದ ಕಲ್ಲು ತರಲು ಹೇಳಿದ್ದಾಳೆ. — ಬಾಯಾರು

ಇಟಲಿಯ ಸಾರ್ಡೀನಿಯಾ ದ್ವೀಪದಿಂದಾದರೆ ತರಲೇಬೇಡಿ. ಅಲ್ಲಿಯ ಹೊಯಿಗೆ, ಕಲ್ಲು, ಚಿಪ್ಪು ಒಯ್ಯುವುದು 2017ರ ಕಾನೂನಿನಂತೆ ಅಪರಾಧ, ದಂಡ 500ರಿಂದ 3,000 ಯೂರೊ. ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಬಾಟಲಿಯ ಹೊಯಿಗೆಯೂ ಸಿಕ್ಕಿಬೀಳುತ್ತದೆ. ಬೇರೆ ಕಡೆಗಳಲ್ಲೂ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಂಡದ್ದೇ ಸುರಕ್ಷಿತ.

ನಮ್ಮ ಚಾರ್ಜರು, ಸಣ್ಣ ಮಿಕ್ಸಿ ಅಲ್ಲಿ ನಡೆಯುತ್ತದೆಯೇ? — ಜತ್ತ

ವೋಲ್ಟೇಜು ನಮ್ಮಂತೆಯೇ 230, ಯಂತ್ರ ನಡೆಯುತ್ತದೆ. ಮೊಬೈಲಿನ ತೆಳು ಎರಡು ಕಡ್ಡಿಯ ಪ್ಲಗ್ ನೇರವಾಗಿ ಕೂರುತ್ತದೆ. ಮಿಕ್ಸಿಯ ಮೂರು ಕಡ್ಡಿಯದು ಕೂರುವುದಿಲ್ಲ, ಅಡಾಪ್ಟರ್ ಬೇಕು. ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ಸಂಖ್ಯೆ ನೋಡಿ, 6 ಆಂಪಿಯರಿನದಕ್ಕೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಹಚ್ಚಿದರೆ ಕರಗುತ್ತದೆ.